ಪ್ಲಗಿನ್ ಪುಕ್ಕಟೆ, ಕಿವಿಯ ಕೆಲಸ ಪುಕ್ಕಟೆಯಲ್ಲ

ಪ್ರಶ್ನೆ: ನಮ್ಮದು ಚಿತ್ರದುರ್ಗದ ಹತ್ತಿರ ಒಂದು ಹಳ್ಳಿ. ಸೋಬಾನೆ ಪದ, ಭಜನೆ, ಊರ ನಾಟಕದ ಹಾಡು ರೆಕಾರ್ಡ್ ಮಾಡಿ, ಸ್ವಚ್ಛ ಮಾಡಿ ಕೊಡುತ್ತೇನೆ. ಎರಡು ಮೈಕು, ಒಂದು ಚಿಕ್ಕ ಆಡಿಯೊ ಇಂಟರ್‌ಫೇಸ್, ಹಳೇ ಲ್ಯಾಪ್‌ಟಾಪು, ಅದರಲ್ಲಿ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರು. ಇಷ್ಟೇ ಬಂಡವಾಳ. ಅದಕ್ಕೆ ಸೇರಿಸಿಕೊಳ್ಳುವ ಪ್ಲಗಿನ್ (ಸದ್ದು ತಿದ್ದುವ ಚಿಕ್ಕ ಪ್ರೋಗ್ರಾಮು) ದುಡ್ಡು ಕೊಟ್ಟು ತಗೊಳ್ಳುವ ಶಕ್ತಿ ಇಲ್ಲ. ಓಪನ್ ಸೋರ್ಸ್ ಪ್ಲಗಿನ್‌ಗಳಲ್ಲೇ ಕೆಲಸ ನಡೆಯುತ್ತಾ? ಎರಡನೆಯದು, ಮೊನ್ನೆ ಒಂದು ಭಜನಾ ಮಂಡಳಿಯವರು "ಸಾಫ್ಟ್‌ವೇರ್ ಪುಕ್ಕಟೆ ಅಂತೀಯ, ಮತ್ತೆ ನಿನಗ್ಯಾಕಪ್ಪಾ ದುಡ್ಡು?" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ. ಕಡೆಯದು, ನಮ್ಮೂರ ಕಲ್ಲು ಗುಡಿಯಲ್ಲಿ ಬಲೂನ್ ಒಡೆದು, ಅದರ ಗುಂಗನ್ನು ರೆಕಾರ್ಡ್ ಮಾಡಿ, ಹಾಡಿಗೆ ಗುಂಗು ಸೇರಿಸುವ ರಿವರ್ಬ್ ಪ್ಲಗಿನ್‌ಗೆ ಹಾಕಿದೆ. ಬಹಳ ಚೆನ್ನಾಗಿ ಬಂತು. ಅದನ್ನು ಎಲ್ಲರಿಗೂ ಹಂಚಲಾ, ಮಾರಲಾ?

ಉತ್ತರ: ನಿಮ್ಮ ಮೂರು ಪ್ರಶ್ನೆಯೂ ನನಗೆ ಒಂದೇ ಪ್ರಶ್ನೆಯ ಹಾಗೆ ಕೇಳಿಸಿತು. ನಾನು ದಾವಣಗೆರೆಯಲ್ಲಿ ಸೌಂಡ್ ಕೆಲಸ ಶುರು ಮಾಡಿದ್ದು ಜಾತ್ರೆ, ನಾಟಕಗಳಿಗೆ ಮೈಕ್ ಸೆಟ್ ಹಾಕುವುದರಿಂದ. ಈಗ ಚಿಕ್ಕ ರೆಕಾರ್ಡಿಂಗ್ ಕೋಣೆ ಇದೆ. "ನಿನಗ್ಯಾಕೆ ದುಡ್ಡು" ಎಂಬ ಮಾತನ್ನು ನಾನೂ ಕೇಳಿದ್ದೇನೆ. ಅದು ನೋಯಿಸುತ್ತದೆ. ಆದರೆ ಕೇಳಿದವರು ಕೆಟ್ಟವರಲ್ಲ. ನಮ್ಮ ಕೆಲಸ ಅವರ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಮೊದಲನೆಯ ಪ್ರಶ್ನೆಗೆ ನೇರ ಉತ್ತರ: ನಡೆಯುತ್ತದೆ. ನೀವು ಮಾಡುತ್ತಿರುವ ಕೆಲಸಕ್ಕೆ ಓಪನ್ ಸೋರ್ಸ್ ಪ್ಲಗಿನ್‌ಗಳು ಸಾಕು. ಆದರೆ ಯಾವುದನ್ನು ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು, ಎಲ್ಲಿ ಕೈ ತೆಗೆಯಬೇಕು ಎಂಬುದು ಗೊತ್ತಿರಬೇಕು.

ನಿಮ್ಮ ಊರಿನ ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳಿವೆ. ಗಾಳಿ ಜೋರಾಗಿ ಬೀಸುವ ಊರು ಅಂದ ಹಾಗಾಯಿತು. ಮೈಕಿಗೆ ನೇರವಾಗಿ ಗಾಳಿ ಬಡಿದರೆ ಬರುವ ಗುಡುಗುಡು ಸದ್ದನ್ನು ಯಾವ ಪ್ಲಗಿನ್ನೂ ಪೂರ್ತಿ ತೆಗೆಯಲಾರದು. ಮೈಕಿಗೆ ಸ್ಪಂಜಿನ ಟೋಪಿ ಹಾಕಿ. ಬಾಗಿಲಿಗೆ ಬೆನ್ನು ಮಾಡಿ ಹಾಡುವವರನ್ನು ಕೂರಿಸಬೇಡಿ, ಯಾಕೆಂದರೆ ಆಗ ಮೈಕಿನ ಮುಖ ಬಾಗಿಲ ಕಡೆಗೇ ಇರುತ್ತದೆ. ಫ್ಯಾನ್ ನಿಲ್ಲಿಸಿ. ಇನ್ನು "ಗುಂಯ್" ಎನ್ನುವ ಒಂದೇ ಸಮನೆಯ ಸದ್ದು. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಅದರ ಸದ್ದು 50ರಲ್ಲಿ, ಅದರ ಮೇಲೆ 100, 150ರಲ್ಲಿ ಬರುತ್ತದೆ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಎಷ್ಟೋ ಸಲ ಆ ಸದ್ದು ಅಲ್ಲೇ ನಿಂತುಬಿಡುತ್ತದೆ. ಮತ್ತೆ ಹಾಡು ಶುರುವಾಗುವ ಮೊದಲು ಎಲ್ಲರನ್ನೂ ಐದು ಸೆಕೆಂಡ್ ಸುಮ್ನೆ ಕೂರಿಸಿ, ಆ ಖಾಲಿ ಕೋಣೆಯ ಸದ್ದನ್ನೂ ರೆಕಾರ್ಡ್ ಮಾಡಿ. ಆಡಾಸಿಟಿಯಲ್ಲಿ ಹಿನ್ನೆಲೆಯ ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್‌ಗೆ ಕೋಣೆಯ ಸದ್ದು ಹೇಗಿದೆ ಎಂಬ ಮಾದರಿ ಬೇಕು. ಆ ಐದು ಸೆಕೆಂಡೇ ಮಾದರಿ.

ಆಮೇಲೆ ಹೈ ಪಾಸ್ ಫಿಲ್ಟರ್, ಅಂದರೆ ಒಂದು ಮಟ್ಟಕ್ಕಿಂತ ಕೆಳಗಿನ ತಗ್ಗು ಸದ್ದನ್ನು ತೆಗೆಯುವ ಜರಡಿ. ಹೆಂಗಸರ ದನಿಗೆ 100 ಹರ್ಟ್ಜ್ ಆಸುಪಾಸು ಇಟ್ಟರೆ ಕೆಳಗಿನ ಗುಡುಗು ಹೋಗುತ್ತದೆ, ದನಿಗೆ ಏನೂ ಆಗುವುದಿಲ್ಲ. ಗಂಡಸರ ದನಿಗೆ 80ಕ್ಕಿಂತ ಮೇಲೆ ಹೋಗಬೇಡಿ. ಡೊಳ್ಳಿದ್ದರೆ, ತಬಲಾದ ಡಗ್ಗಾ ಇದ್ದರೆ ಇನ್ನೂ ಕೆಳಗೆ ಬನ್ನಿ, ಇಲ್ಲದಿದ್ದರೆ ಅದರ ಹೊಟ್ಟೆಯನ್ನೇ ಕತ್ತರಿಸಿದ ಹಾಗೆ ಆಗುತ್ತದೆ.

ನಾಯ್ಸ್ ರಿಡಕ್ಷನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದೆ. ಬಹಳ ವರ್ಷದ ಹಿಂದೆ ಒಬ್ಬ ಅಜ್ಜಿಯ ಬೀಸುವ ಪದ ರೆಕಾರ್ಡ್ ಮಾಡಿದ್ದೆ. ಹಿಂದೆ ಮಳೆ ಸದ್ದಿತ್ತು. ಅದನ್ನು ಪೂರ್ತಿ ತೆಗೆಯಬೇಕು ಎಂದು ಹಟ ಹಿಡಿದು 24 ಡೆಸಿಬೆಲ್ ಇಳಿಸಿದೆ. ಮಳೆ ಹೋಯಿತು. ಅಜ್ಜಿಯ ದನಿಯ ಅಂಚೂ ಹೋಯಿತು. ಬಾವಿಯೊಳಗೆ ಕೂತು ಹಾಡಿದ ಹಾಗೆ ಕೇಳಿಸುತ್ತಿತ್ತು. ಮೂಲ ಫೈಲ್ ಮೇಲೇ ಉಳಿಸಿಬಿಟ್ಟಿದ್ದೆ. ಆ ಅಜ್ಜಿ ಈಗಿಲ್ಲ. ಅಂದಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಮೂಲ ಫೈಲನ್ನು ಮುಟ್ಟುವುದಿಲ್ಲ. ಸದ್ದನ್ನು 6ರಿಂದ 9 ಡೆಸಿಬೆಲ್‌ಗಿಂತ ಜಾಸ್ತಿ ಇಳಿಸುವುದಿಲ್ಲ. ಸ್ವಲ್ಪ ಸದ್ದು ಉಳಿದರೆ ಉಳಿಯಲಿ. 2022ರ ಆಡಾಸಿಟಿ 3.2ರಿಂದ ಎಫೆಕ್ಟ್‌ಗಳನ್ನು ಹಾಡು ಓಡುತ್ತಿರುವಾಗಲೇ ಹಾಕಿ ತೆಗೆದು ನೋಡುವ ಸೌಲಭ್ಯ ಬಂದಿದೆ. ಅದಕ್ಕೆ ಮೊದಲು ಹಾಕಿದ್ದೆಲ್ಲ ಫೈಲಿನೊಳಗೇ ಬೆಂದುಹೋಗುತ್ತಿತ್ತು. ಎಲ್ಲ ಎಫೆಕ್ಟಿಗೂ ಈ ಸೌಲಭ್ಯ ಇಲ್ಲ, ಆದರೂ ಇದ್ದಲ್ಲೆಲ್ಲ ಬಳಸಿ.

ಆರ್‌ಎನ್‌ನಾಯ್ಸ್ ಎಂಬುದನ್ನು ಯಾರಾದರೂ ನಿಮಗೆ ಹೇಳಿರಬಹುದು. 2017ರಲ್ಲಿ ಜಾನ್ ಮಾರ್ಕ್ ವಾಲಿನ್ ಅವರು ಹೊರತಂದ ಓಪನ್ ಸೋರ್ಸ್ ಕೆಲಸ ಅದು. ಚಿಕ್ಕ ನ್ಯೂರಲ್ ನೆಟ್‌ವರ್ಕ್ ಒಂದು ಮಾತನ್ನೂ ಗದ್ದಲವನ್ನೂ ಬೇರೆ ಮಾಡುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ. ಆದರೆ ಅದಕ್ಕೆ ಕಲಿಸಿರುವುದು ಮಾತನ್ನು ಉಳಿಸುವುದನ್ನು. ಹಾರ್ಮೋನಿಯಂನ ಎಳೆದ ಸ್ವರ ಅದಕ್ಕೆ ಗದ್ದಲ. ಸಂದರ್ಶನಕ್ಕೆ, ನಾಟಕದ ಮಾತಿನ ಭಾಗಕ್ಕೆ ಹಾಕಿ. ಭಜನೆಗೆ ಹಾಕಲೇಬೇಡಿ.

ಕಂಪ್ರೆಸರ್ ಇಲ್ಲದೆ ಸೋಬಾನೆ ಪದ ಕೂರುವುದಿಲ್ಲ. ಒಬ್ಬರು ಸಾಲು ಹೇಳುತ್ತಾರೆ, ನಾಲ್ಕು ಜನ ಸೊಲ್ಲು ಹಿಡಿಯುತ್ತಾರೆ. ಹೇಳುವವರ ದನಿ ಸಣ್ಣ, ಸೊಲ್ಲು ದೊಡ್ಡದು. ಒಂದು ಗೆರೆ ಎಳೆದು, ಅದನ್ನು ದಾಟಿದ ಸದ್ದನ್ನು ಕಂಪ್ರೆಸರ್ ತಗ್ಗಿಸುತ್ತದೆ. 2:1 ಎಂದರೆ ಗೆರೆಗಿಂತ 6 ಡೆಸಿಬೆಲ್ ಮೇಲೆ ಹೋದದ್ದು 3ಕ್ಕೆ ಇಳಿಯುತ್ತದೆ. ಅಷ್ಟು ಸಾಕು. 8:1 ಹಾಕಿದರೆ ಎಲ್ಲರೂ ಒಂದೇ ಮಟ್ಟಕ್ಕೆ ಬರುತ್ತಾರೆ, ಸೊಲ್ಲು ಎದ್ದು ಬರುವ ಸಂತೋಷ ಹೋಗುತ್ತದೆ. ಆ ಏರಿಳಿತವೇ ಸೋಬಾನೆ ಅಲ್ವಾ? ಇದಕ್ಕೆ ಎಲ್‌ಎಸ್‌ಪಿ ಎಂಬ ಓಪನ್ ಸೋರ್ಸ್ ಪ್ಲಗಿನ್ ಗುಂಪಿನ ಕಂಪ್ರೆಸರ್, ತಗ್ಗು-ಎತ್ತರದ ಸ್ವರಗಳನ್ನು ಬೇರೆ ಬೇರೆ ಏರಿಸಿ ಇಳಿಸುವ ಈಕ್ವಲೈಸರ್ ಎರಡೂ ಬಹಳ ಒಳ್ಳೆಯವು. ಎಕ್ಸ್‌42 ಎಂಬ ಗುಂಪಿನ ನಾಲ್ಕು ಪಟ್ಟಿಯ ಈಕ್ವಲೈಸರ್ ನನಗೆ ಇನ್ನೂ ಇಷ್ಟ, ಅದರಲ್ಲಿ ಕಳೆದುಹೋಗುವಷ್ಟು ಬಟನ್‌ಗಳಿಲ್ಲ. ರಿವರ್ಬ್‌ಗೆ ಡ್ರ್ಯಾಗನ್‌ಫ್ಲೈ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಕಡೆಗೆ ಲೌಡ್‌ನೆಸ್, ಅಂದರೆ ಹಾಡು ಒಟ್ಟಾರೆ ಎಷ್ಟು ಜೋರು ಕೇಳುತ್ತದೆ ಎಂಬುದು. ಅದರ ಅಳತೆ ಲಫ್ಸ್. ಯೂಟ್ಯೂಬ್‌ಗೆ ಮೈನಸ್ 14 ಲಫ್ಸ್ ಆಸುಪಾಸು ಇದ್ದರೆ ಸಾಕು. ಅದಕ್ಕಿಂತ ಜೋರು ಮಾಡಿ ಹಾಕಿದರೂ ಅವರೇ ತಗ್ಗಿಸುತ್ತಾರೆ. ಮೇಲೇರುವ ಸದ್ದನ್ನು ಒಂದು ಮಟ್ಟದಲ್ಲಿ ತಡೆಯುವ ಲಿಮಿಟರ್ ಹಾಕಿ ಹಾಡಿನ ಉಸಿರು ಕಟ್ಟಿಸಿದ್ದೊಂದೇ ಉಳಿಯುತ್ತದೆ.

ಈಗ ಭಜನಾ ಮಂಡಳಿಯವರ ಮಾತಿಗೆ ಬರೋಣ.

ನಿಮ್ಮ ಆಡಾಸಿಟಿಯಲ್ಲಿ ರಿವರ್ಬ್ ಎಂಬ ಎಫೆಕ್ಟ್ ಇದೆ, ನೋಡಿರುತ್ತೀರಿ. ಅದರ ಬೇರು ಫ್ರೀವರ್ಬ್ ಎಂಬ ಒಂದು ಚಿಕ್ಕ ಪ್ರೋಗ್ರಾಮಿನಲ್ಲಿದೆ. 2000ದ ಜೂನ್‌ನಲ್ಲಿ ಜೀಝರ್ ಎಂಬ ಹೆಸರಿನವರು ಅದನ್ನು ಬರೆದು, ಯಾವ ಹಕ್ಕೂ ಇಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅದರ ಗಣಿತ ಹೊಸದಲ್ಲ. ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದ ಶುರುವಿನಲ್ಲೇ ದಾರಿ ತೋರಿಸಿದ್ದರು. ಸದ್ದನ್ನು ತುಸು ತಡಮಾಡಿ, ಮತ್ತೆ ಅದೇ ಸದ್ದಿನೊಳಕ್ಕೆ ಸುರಿಯುವುದು. ಇಂಥ ಎಂಟು ಸುತ್ತು ಅಕ್ಕಪಕ್ಕ, ಅದರ ಹಿಂದೆ ಸದ್ದನ್ನು ಚದುರಿಸುವ ನಾಲ್ಕು ಫಿಲ್ಟರ್. ಗೋಡೆಯಿಂದ ಗೋಡೆಗೆ ಸದ್ದು ಓಡಾಡಿದ ಹಾಗೆ ಕೇಳುತ್ತದೆ.

ಪ್ರಶ್ನೆ ಇರುವುದು ಎಷ್ಟು ತಡ ಎಂಬಲ್ಲಿ. ಎಲ್ಲ ಸುತ್ತಿಗೂ ಒಂದೇ ತಡ ಇಟ್ಟರೆ ತಗಡಿನ ಡಬ್ಬಿಯಲ್ಲಿ ಮಾತಾಡಿದ ಹಾಗೆ ಆಗುತ್ತದೆ. ಜೀಝರ್ ಇಟ್ಟ ಅಂಕಿಗಳು ಇವು: 1116, 1188, 1277, 1356, 1422, 1491, 1557, 1617. ಇವು ಸ್ಯಾಂಪಲ್‌ಗಳ ಲೆಕ್ಕ, ಅಂದರೆ ಕಂಪ್ಯೂಟರ್ ಸದ್ದನ್ನು ಅಳೆದು ಬರೆದುಕೊಳ್ಳುವ ಪುಟ್ಟ ಪುಟ್ಟ ತುಣುಕುಗಳ ಲೆಕ್ಕ. ಸೆಕೆಂಡಿಗೆ 44,100 ಸ್ಯಾಂಪಲ್ ಅಂದರೆ ಸುಮಾರು 25 ಮಿಲಿಸೆಕೆಂಡಿನಿಂದ 37 ಮಿಲಿಸೆಕೆಂಡ್. ಈ ಅಂಕಿಗಳು ಎಲ್ಲಿಂದ ಬಂದವು? ಅವರೇ ಕೋಡಿನ ಪಕ್ಕ ಬರೆದಿಟ್ಟಿದ್ದಾರೆ, ಕೇಳಿ ಕೇಳಿ ನೋಡಿ ಇಟ್ಟದ್ದು ಅಂತ. ಯಾವ ಸೂತ್ರದಿಂದಲೂ ತೆಗೆದದ್ದಲ್ಲ.

ನಾನು ಮೊದಲ ಸಲ ಇದನ್ನು ಓದಿದಾಗ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಯಾರೋ ಒಬ್ಬರು ಒಂದು ಕೋಣೆಯಲ್ಲಿ ಕೂತು, ಅಂಕಿ ಬದಲಿಸುತ್ತಾ, ಕೇಳುತ್ತಾ, ಮತ್ತೆ ಬದಲಿಸುತ್ತಾ ಇದ್ದರು. ಆ ಎಂಟು ಅಂಕಿ ಇವತ್ತು ಎಷ್ಟೋ ಸಾಫ್ಟ್‌ವೇರುಗಳ ಒಳಗಿವೆ. ನಿಮ್ಮ ಭಜನೆಯ ಮೇಲೂ ಬಿದ್ದಿವೆ. ಕೋಡನ್ನು ಯಾರು ಬೇಕಾದರೂ ನಕಲು ಮಾಡಬಹುದು, ಅದು ಕೆಲವು ನೂರು ಸಾಲು. ಅದಕ್ಕೆ ಬೆಲೆ ತಂದದ್ದು ಆ ಕೇಳುವಿಕೆ.

ನೀವು ಮಾಡುವುದೂ ಇದೇ ಕೆಲಸ. ಕಂಪ್ರೆಸರ್ ಗೆರೆಯನ್ನು ಮೈನಸ್ 18ಕ್ಕೆ ಇಡಬೇಕೋ 22ಕ್ಕೋ ಎಂದು ಸಾಫ್ಟ್‌ವೇರ್ ಹೇಳುವುದಿಲ್ಲ. ನಿಮ್ಮ ಕಿವಿ ಹೇಳುತ್ತದೆ. ಮಂಡಳಿಯವರು ದುಡ್ಡು ಕೊಡಬೇಕಾದದ್ದು ಅದಕ್ಕೆ.

ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕಾದರೆ ನಾಟಕದ ಹಾರ್ಮೋನಿಯಂ ಮಾಸ್ತರ ಮಾತು ತೆಗೆಯಿರಿ. ನಮ್ಮ ಕಡೆ ಹಳ್ಳಿ ನಾಟಕ ಕಲಿಸಲು ಬರುವ ಮಾಸ್ತರು ಹೇಳಿಕೊಡುವ ಮಟ್ಟುಗಳು ಅವರ ಸ್ವಂತದ್ದಲ್ಲ. ಹಳೇ ಕಂಪನಿ ನಾಟಕಗಳಿಂದ ಬಾಯಿಂದ ಬಾಯಿಗೆ ಬಂದವು. ಒಂದೇ ಮಟ್ಟಿನಲ್ಲಿ ಒಂದೂರಿನಲ್ಲಿ ದುರ್ಯೋಧನ ಹಾಡುತ್ತಾನೆ, ಇನ್ನೊಂದೂರಿನಲ್ಲಿ ಬೇರೆ ಮಾತು ಹಾಕಿ ಭಕ್ತ ಹಾಡುತ್ತಾನೆ. ಮಟ್ಟಿಗೆ ದುಡ್ಡು ಕೊಡಿ ಅಂತ ಯಾರೂ ಕೇಳುವುದಿಲ್ಲ. ಆದರೂ ಊರವರು ಪಟ್ಟಿ ಎತ್ತಿ ಮಾಸ್ತರಿಗೆ ಸಂಭಾವನೆ ಕೊಡುತ್ತಾರೆ, ನಾಟಕದ ರಾತ್ರಿ ಶಾಲು ಹೊದಿಸುತ್ತಾರೆ. ದುರ್ಯೋಧನನ ಪಾತ್ರ ಮಾಡುವವನ ಗಂಟಲು ಎಲ್ಲಿಯವರೆಗೆ ಏರುತ್ತದೆ ನೋಡಿ, ಶ್ರುತಿಯನ್ನು ಒಂದು ಮನೆ ಇಳಿಸುವುದು ಅವರು. ತಿಂಗಳುಗಟ್ಟಲೆ ರಾತ್ರಿ ಹನ್ನೊಂದರವರೆಗೆ ಕೂತು ತಿದ್ದುವುದು ಅವರು. ಮಟ್ಟು ಎಲ್ಲರದು, ದುಡಿಮೆ ಮಾಸ್ತರದು. "ನನ್ನ ಕೆಲಸವೂ ಹಾಗೇ ಅಣ್ಣಾ" ಅಂತ ಹೇಳಿ ನೋಡಿ. ಭಜನೆ ಮಾಡುವವರಿಗೆ ಇದು ತಿಳಿಯದೆ ಇರುವುದಿಲ್ಲ.

ಒಂದು ವಿಷಯದಲ್ಲಿ ಕನ್ನಡ ನಮಗೆ ಸಹಾಯ ಮಾಡುತ್ತದೆ. ಇಂಗ್ಲಿಷಿನಲ್ಲಿ ಫ್ರೀ ಎಂಬ ಒಂದೇ ಪದಕ್ಕೆ ಎರಡು ಅರ್ಥ. ನಮಗೆ ಪುಕ್ಕಟೆ ಬೇರೆ, ಮುಕ್ತ ಬೇರೆ. ಈ ಪ್ಲಗಿನ್‌ಗಳು ಮುಕ್ತ. ತೆರೆದು ನೋಡಬಹುದು, ಬದಲಿಸಬಹುದು, ಹಂಚಬಹುದು. ಬೇಕಾದರೆ ಮಾರಲೂಬಹುದು, ಮುಕ್ತ ಕೋಡಿಗೆ ಹಚ್ಚುವ ಜಿಪಿಎಲ್ ಎಂಬ ಪರವಾನಗಿ ಅದಕ್ಕೆ ಅಡ್ಡ ಬರುವುದಿಲ್ಲ. ಪುಕ್ಕಟೆ ಸಿಗುವುದು ಅದರ ಜೊತೆಗೆ ಬಂದ ಅನುಕೂಲ ಮಾತ್ರ.

ಮತ್ತೆ ಅವುಗಳನ್ನು ಮಾಡಿದವರೂ ಊಟ ಮಾಡಬೇಕಲ್ಲ. ಅವರವರು ಅವರವರ ದಾರಿ ಕಂಡುಕೊಂಡಿದ್ದಾರೆ. ಪಾಲ್ ಡೇವಿಸ್ ಶುರು ಮಾಡಿದ ಆರ್ಡೋರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನ ಕೋಡ್ ಎಲ್ಲರಿಗೂ ತೆರೆದಿದೆ. ಆದರೆ ಅವರ ತಾಣದಿಂದ ನೇರ ಹಾಕಿಕೊಳ್ಳುವಂತೆ ತಯಾರಾದದ್ದು ಬೇಕಾದರೆ ಸ್ವಲ್ಪ ದುಡ್ಡು ಕೇಳುತ್ತಾರೆ. ಏರ್‌ವಿಂಡೋಸ್‌ನ ಕ್ರಿಸ್ ಜಾನ್ಸನ್ ನೂರಾರು ಪ್ಲಗಿನ್ ಮಾಡಿ ಎಂಐಟಿ ಎಂಬ ಇನ್ನೊಂದು ಮುಕ್ತ ಪರವಾನಗಿಯಲ್ಲಿ ಕೊಟ್ಟಿದ್ದಾರೆ. ಅವುಗಳಲ್ಲಿ ಚಂದದ ಚಿತ್ರ, ಬಣ್ಣದ ಬಟನ್ ಏನೂ ಇಲ್ಲ, ಬರೀ ಎಳೆಯುವ ಗೆರೆಗಳು. ಕಣ್ಣಿಗೆ ಏನೂ ಇಲ್ಲದ್ದರಿಂದ ಕಿವಿಯಿಂದಲೇ ತೀರ್ಮಾನ ಮಾಡಬೇಕಾಗುತ್ತದೆ. ಹೊಸಬರಿಗೆ ಅದಕ್ಕಿಂತ ಒಳ್ಳೇ ಅಭ್ಯಾಸ ಇಲ್ಲ ಎಂದು ನನ್ನ ನಂಬಿಕೆ. ಕೇಳುಗರು ಪೇಟ್ರಿಯಾನ್ ಎಂಬ ತಾಣದ ಮೂಲಕ ತಿಂಗಳು ತಿಂಗಳು ಕೊಡುವ ಹಣ ಅವರ ಆಸರೆ. ಮ್ಯಾಟ್ ಟೈಟಲ್ ಅವರ ವೈಟಲ್ ಎಂಬ ಸಿಂಥ್ (ಕಂಪ್ಯೂಟರಿನಲ್ಲೇ ನಾದ ಹುಟ್ಟಿಸುವ ವಾದ್ಯ) ನಿಮ್ಮ ಮೂರನೇ ಪ್ರಶ್ನೆಗೆ ಹತ್ತಿರ. ಕೋಡ್ ಜಿಪಿಎಲ್. ಆದರೆ ಅದರ ಜೊತೆ ಬರುವ ಪ್ರಿಸೆಟ್‌ಗಳು (ಮೊದಲೇ ಹೊಂದಿಸಿಟ್ಟ ನಾದಗಳು), ನಾದದ ಮಾದರಿಗಳು ಆ ಪರವಾನಗಿಯೊಳಗೆ ಇಲ್ಲ. ಹೆಚ್ಚಿನವು ಬೇಕಾದರೆ ಕೊಳ್ಳಬೇಕು. ಯಂತ್ರ ಎಲ್ಲರದು, ನಾದ ಮಾಡಿದವರದು ಎಂದು ಅವರು ಗೆರೆ ಎಳೆದಿದ್ದಾರೆ. ಸರ್ಜ್ ಎಂಬ ಇನ್ನೊಂದು ಸಿಂಥ್ ಇದಕ್ಕೆ ಬೇರೆ ದಾರಿ ಹಿಡಿಯಿತು. ಮೊದಲು ಮಾರಾಟಕ್ಕಿದ್ದ ಅದನ್ನು 2018ರಲ್ಲಿ ಕ್ಲೇಸ್ ಯೋಹಾನ್ಸನ್ ಓಪನ್ ಸೋರ್ಸ್ ಮಾಡಿದರು. ಆಮೇಲೆ ಬಹಳ ಜನ ಸೇರಿ ಬೆಳೆಸಿದರು. ಅದರಲ್ಲಿ ಒಂದೊಂದು ನಾದದ ಪಕ್ಕವೂ ಮಾಡಿದವರ ಹೆಸರು ಬರೆಯಲು ಜಾಗವಿದೆ. ಅದು ನನಗೆ ತುಂಬಾ ಹಿಡಿಸಿತು.

ನಿಮ್ಮ ಬಿಲ್ಲಿನಲ್ಲಿ "ಸಾಫ್ಟ್‌ವೇರ್" ಎಂಬ ಪದವೇ ಬೇಡ. ರೆಕಾರ್ಡಿಂಗ್ ಇಷ್ಟು ಗಂಟೆ, ಸ್ವಚ್ಛ ಮಾಡಿದ್ದು ಹಾಡಿಗೆ ಇಷ್ಟು ಗಂಟೆ, ತಿದ್ದುಪಡಿ ಎರಡು ಸಲ, ಹೀಗೆ ಬರೆಯಿರಿ. ಮೂರನೇ ಸಲ ತಿದ್ದಬೇಕಾದರೆ ಬೇರೆ ಲೆಕ್ಕ ಅಂತ ಮೊದಲೇ ಹೇಳಿ. ಸಾಧ್ಯವಾದರೆ ಸ್ವಚ್ಛ ಮಾಡುವ ಮುಂಚಿನ ಹಾಡನ್ನೂ ಆಮೇಲಿನದನ್ನೂ ಒಂದಾದ ಮೇಲೊಂದು ಕೇಳಿಸಿ. ಎರಡೂ ಒಂದೇ ಜೋರಿನಲ್ಲಿರಲಿ, ಇಲ್ಲದಿದ್ದರೆ ಜೋರಿದ್ದದ್ದೇ ಚೆನ್ನ ಅನ್ನಿಸಿಬಿಡುತ್ತದೆ, ಅದು ನ್ಯಾಯವಲ್ಲ. ಬಂದ ದುಡ್ಡಿನಲ್ಲಿ ಒಂದು ಸಣ್ಣ ಪಾಲನ್ನು ವರ್ಷಕ್ಕೊಮ್ಮೆ ನೀವು ಜಾಸ್ತಿ ಬಳಸಿದ ಪ್ಲಗಿನ್ ಮಾಡಿದವರಿಗೆ ಕಳಿಸಿ. ದುಡ್ಡು ಆಗದಿದ್ದರೆ, ಏನು ಕೆಟ್ಟಿತು ಎಂದು ವಿವರವಾಗಿ ಬರೆದು ತಿಳಿಸಿ. ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯಿರಿ. ಕೋಡ್ ಬರದವರ ಕೊಡುಗೆ ಕಡಿಮೆ ಕೊಡುಗೆ ಅಲ್ಲ.

ಇನ್ನು ನಿಮ್ಮ ಗುಡಿ. ಇದನ್ನು ಓದಿ ನನಗೆ ಬಹಳ ಖುಷಿಯಾಯಿತು.

ಓದುವ ಬೇರೆಯವರಿಗೆ ಒಂದು ಮಾತು. ಬಲೂನ್ ಒಡೆದಾಗ ಬರುವ ಒಂದು ಪೆಟ್ಟು, ಅದರ ಹಿಂದೆ ಕಲ್ಲಿನಿಂದ ಬರುವ ಗುಂಗು, ಇದು ಆ ಜಾಗದ ಬೆರಳಚ್ಚು. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಅನ್ನುತ್ತಾರೆ. ಹಾಡಿನ ಒಂದೊಂದು ಸ್ಯಾಂಪಲನ್ನೂ ಒಂದೊಂದು ಪುಟ್ಟ ಪೆಟ್ಟು ಅಂದುಕೊಂಡು, ಪ್ರತಿ ಪೆಟ್ಟಿಗೂ ಗುಡಿಯ ಗುಂಗು ಸೇರಿಸಿ, ಎಲ್ಲ ಕೂಡಿದರೆ ಹಾಡು ಗುಡಿಯೊಳಗೆ ಹಾಡಿದ ಹಾಗೆ ಕೇಳುತ್ತದೆ. ಎರಡು ಸೆಕೆಂಡಿನ ಗುಂಗು ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 96,000 ಸ್ಯಾಂಪಲ್. ನೇರವಾಗಿ ಗುಣಿಸಿದರೆ ಸೆಕೆಂಡಿಗೆ 460 ಕೋಟಿ ಗುಣಾಕಾರ. ಹಳೇ ಲ್ಯಾಪ್‌ಟಾಪು ಇದನ್ನು ಹೇಗೆ ಮಾಡುತ್ತದೆ ಅಂದರೆ, ಫೊರಿಯರ್ ಪರಿವರ್ತನೆ ಎಂಬ ಗಣಿತದ ಉಪಾಯ ಬಳಸಿ ಲೆಕ್ಕವನ್ನು ಬಹಳ ಚಿಕ್ಕದು ಮಾಡಿಕೊಳ್ಳುತ್ತದೆ. ಎಲ್‌ಎಸ್‌ಪಿಯ ಇಂಪಲ್ಸ್ ರಿವರ್ಬ್ ಇದಕ್ಕೆಂದೇ ಇದೆ.

ಬಲೂನ್ ಒಳ್ಳೇ ಶುರು, ಆದರೆ ಒಂದೊಂದು ಬಲೂನಿನ ಪೆಟ್ಟು ಒಂದೊಂದು ಥರ. ಇನ್ನೂ ಚೆನ್ನಾದ ದಾರಿ ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದ ಆಂಜೆಲೊ ಫರೀನಾ 2000ದಲ್ಲಿ ವಿವರಿಸಿದ್ದು. 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಏರುತ್ತಾ ಹೋಗುವ ಒಂದು ಸ್ವರವನ್ನು ಸ್ಪೀಕರಿನಲ್ಲಿ ಹಾಕಿ, ಅದನ್ನು ಗುಡಿಯಲ್ಲಿ ರೆಕಾರ್ಡ್ ಮಾಡಿ, ಲೆಕ್ಕದಿಂದ ಬರೀ ಗುಂಗನ್ನು ಬೇರೆ ಮಾಡುವುದು. ಎಲ್‌ಎಸ್‌ಪಿಯಲ್ಲೇ ಪ್ರೊಫೈಲರ್ ಎಂಬ ಪ್ಲಗಿನ್ ಇದೆ, ಹೆಚ್ಚುಕಡಿಮೆ ಈ ಕೆಲಸ ಮಾಡುತ್ತದೆ.

ಮಾರಲಾ ಹಂಚಲಾ? ಎರಡಕ್ಕೂ ನಿಮಗೆ ಹಕ್ಕಿದೆ. ಮಾರಿದರೆ ತಪ್ಪೇನಿಲ್ಲ. ನನ್ನನ್ನು ಕೇಳಿದರೆ ಹಂಚಿ, ಆದರೆ ಹೆಸರಿಟ್ಟು ಹಂಚಿ. ಸುಮ್ನೆ ಡ್ರೈವ್‌ನಲ್ಲಿ ಹಾಕಿ ಲಿಂಕ್ ಕೊಟ್ಟರೆ ಆರು ತಿಂಗಳಲ್ಲಿ ಯಾರದೋ ಪ್ಯಾಕಿನಲ್ಲಿ ಯಾವುದೋ ಊರಿನ ಹೆಸರಿನಲ್ಲಿ ಇರುತ್ತದೆ. ಕೋಡಿನ ಪರವಾನಗಿಗಳು ಇದಕ್ಕೆ ಸರಿ ಹೊಂದುವುದಿಲ್ಲ. ಹಾಡು, ಚಿತ್ರ, ಬರಹದಂಥವಕ್ಕೆ ಇರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ತಗೊಳ್ಳಿ, ಅದರಲ್ಲಿ ಹೆಸರು ಹೇಳಬೇಕು ಎಂಬ ಷರತ್ತು ಮಾತ್ರ ಇರುವ ಸಿಸಿ ಬೈ 4.0. ಪಕ್ಕದ ಫೈಲಿನಲ್ಲಿ ಒಂದು ಸಾಲು ಬರೆಯಿರಿ: ಈ ಗುಂಗು ಬಳಸಿ ಮಾಡಿದ ಹಾಡಿನಲ್ಲಿ ಹೆಸರು ಹಾಕಬೇಕಿಲ್ಲ, ಫೈಲನ್ನೇ ಹಂಚುವಾಗ ಮಾತ್ರ ಹಾಕಿ. ಇಲ್ಲದಿದ್ದರೆ ಹಾಡು ಮಾಡುವವರು ಹೆದರಿ ಬಿಟ್ಟುಬಿಡುತ್ತಾರೆ. "ವ್ಯಾಪಾರಕ್ಕೆ ಬಳಸಬಾರದು" ಎಂಬ ಷರತ್ತು ಹಾಕಲು ಮನಸ್ಸಾಗಬಹುದು. ಬೇಡ ಅಂತೀನಿ. ಡೆಬಿಯನ್ ಥರದ ಲಿನಕ್ಸ್‌ಗಳು ಆ ಷರತ್ತಿರುವುದನ್ನು ತಮ್ಮ ಮುಖ್ಯ ಸಂಗ್ರಹಕ್ಕೆ ಸೇರಿಸುವುದಿಲ್ಲ. ಅಷ್ಟೇ ಅಲ್ಲ, ಪಕ್ಕದ ಊರಿನಲ್ಲಿ ನಿಮ್ಮ ಹಾಗೇ ದುಡಿಯುವ ಹುಡುಗನೂ ಭಜನೆಗೆ ದುಡ್ಡು ತಗೊಂಡರೆ ಇದನ್ನು ಬಳಸುವ ಹಾಗಿಲ್ಲ.

ಆದರೆ ಇದೆಲ್ಲ ಗುಡಿಯ ಗುಂಗಿಗೆ ಮಾತ್ರ. ಸೋಬಾನೆ ಹಾಡಿದ ಹೆಂಗಸರ ದನಿಗೆ ನೀವು ಪರವಾನಗಿ ಹಚ್ಚುವ ಹಾಗಿಲ್ಲ. ಪದ ಹಳೆಯದು, ಊರಿನದು, ಸರಿ. ಹಾಡಿದ್ದು ಅವರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೆ, ಆಡಿದವರಿಗೆ ಪ್ರದರ್ಶಕರ ಹಕ್ಕು ಅಂತಲೇ ಇದೆ, 50 ವರ್ಷದವರೆಗೆ. ಕಾಯ್ದೆ ಇರಲಿ ಬಿಡಲಿ, ಅವರನ್ನು ಕೇಳಿ. ಎಲ್ಲಿ ಹಾಕುತ್ತೀರಿ, ಯಾರು ಕೇಳುತ್ತಾರೆ, ದುಡ್ಡು ಬಂದರೆ ಎಷ್ಟು ಪಾಲು ಎಂದು ಅವರ ಮನೆ ಜಗಲಿ ಮೇಲೆ ಕೂತು ಬಿಡಿಸಿ ಹೇಳಿ. ವಿಡಿಯೊ ಕೆಳಗೆ ಎಲ್ಲರ ಹೆಸರೂ ಇರಲಿ, ಸೊಲ್ಲು ಹಿಡಿದವರದ್ದೂ. "ಜನಪದ" ಎಂದು ಒಂದೇ ಪದದಲ್ಲಿ ಮುಗಿಸಬೇಡಿ.

ಮುಂದಿನ ಸಲ ಗುಡಿಗೆ ಹೋಗುವ ಮೊದಲು ಗುಡಿ ಸಮಿತಿಯವರಿಗೆ ಹೇಳಿ ಹೋಗಿ. ಪುರಾತತ್ವ ಇಲಾಖೆಯ ಬೋರ್ಡ್ ಇರುವ ಜಾಗವಾದರೆ ಬರಹದಲ್ಲೇ ಅನುಮತಿ ಬೇಕು. ಗಾಳಿ ಬೀಸದ ಬೆಳಗಿನ ಜಾವ ಹೋಗಿ, ಪೂಜೆಗೆ ಮುಂಚೆ. ಒಂದೇ ಅಳತೆಯ ಐದಾರು ಬಲೂನ್ ತಗೊಳ್ಳಿ. ಗೇನ್ (ಮೈಕಿನ ಸದ್ದಿನ ಮಟ್ಟ) ಚೆನ್ನಾಗಿ ತಗ್ಗಿಸಿ, ಪೆಟ್ಟಿನ ಸದ್ದು ವಿಪರೀತ ಜೋರಾಗಿ ಸೀಳಿಹೋದರೆ ಇಡೀ ಫೈಲ್ ಹೋಯಿತು. 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್. ಒಡೆದ ಮೇಲೆ ಗುಂಗು ಪೂರ್ತಿ ಆರುವವರೆಗೆ ಉಸಿರು ಬಿಗಿಹಿಡಿದು ನಿಂತಿರಿ, ಚಪ್ಪಲಿ ಸದ್ದೂ ಬೇಡ. ಮೈಕ್ ಎಲ್ಲಿತ್ತು, ಬಲೂನ್ ಎಲ್ಲಿತ್ತು, ಬಾಗಿಲು ತೆರೆದಿತ್ತಾ ಮುಚ್ಚಿತ್ತಾ, ಒಳಗೆ ಎಷ್ಟು ಜನ ಇದ್ದಿರಿ, ಎಲ್ಲ ಒಂದು ಚೀಟಿಯಲ್ಲಿ ಬರೆದು ಫೈಲಿನ ಜೊತೆ ಇಡಿ. ಹಾಕಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ನನ್ನ ಹತ್ತಿರ ಇಲ್ಲಿನ ಒಂದು ಹಳೇ ಹತ್ತಿ ಗೋದಾಮಿನ ಗುಂಗು ಇದೆ, ಅದನ್ನು ನಿಮಗೆ ಕಳಿಸುತ್ತೇನೆ.